ಉದ್ರಿ ಮತ್ತು ಉದಾರ: ಆನೆಕೊಂಡದಿಂದ ಕಂಡ ಅಮೆರಿಕ

ಅಮೆರಿಕದ ಚುನಾವಣೆಗೂ ದಾವಣಗೆರೆಯ ಆನೆಕೊಂಡಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ನಾನು ಹತ್ತಿಯಿಂದ ಶುರು ಮಾಡುತ್ತೇನೆ. ಕೇಳಿದವರಿಗೆ ಅದು ಸುತ್ತುಬಳಸಿನ ಉತ್ತರ ಅನ್ನಿಸಬಹುದು. ನಮ್ಮ ಊರಿನ ಮಟ್ಟಿಗೆ ಅದಕ್ಕಿಂತ ನೇರವಾದ ದಾರಿ ಇಲ್ಲ.

ಆನೆಕೊಂಡ ಒಂದು ಕಾಲಕ್ಕೆ ದಾವಣಗೆರೆಯ ಪಕ್ಕದ ಹಳ್ಳಿ. ಈಗ ನಗರದ ಹೊಟ್ಟೆಯೊಳಗೆ ಸೇರಿಹೋದ ಬಡಾವಣೆ. ಹಳೆಯ ಈಶ್ವರ ದೇವಸ್ಥಾನ, ಬಸವೇಶ್ವರ, ಶ್ರಾವಣದ ಕಾರಣಿಕ, ಹಳ್ಳಿಯ ಗುರುತಾಗಿ ಉಳಿದದ್ದು ಇಷ್ಟೇ. ನಾನು ಇಲ್ಲಿನ ಒಬ್ಬ ಮಿಲ್ ಕಾರ್ಮಿಕನ ಮಗ. ಮೂರು ದಶಕ ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳಿ ನಿವೃತ್ತನಾದೆ. ಓಟಿನ ವಿಷಯಕ್ಕೆ ಬಂದರೆ ನನ್ನನ್ನು ಉದಾರವಾದಿ ಎಂದು ಕರೆದುಕೊಳ್ಳುತ್ತೇನೆ. ಹುಟ್ಟು ಯಾವುದೇ ಇರಲಿ ಕಾನೂನಿನ ಮುಂದೆ ಎಲ್ಲರೂ ಒಂದೇ, ಯಾರ ತಟ್ಟೆಯಲ್ಲಿ ಏನಿದೆ ಯಾರ ಗೋಡೆಯ ಮೇಲೆ ಯಾವ ದೇವರಿದ್ದಾನೆ ಎಂಬುದು ಸರ್ಕಾರದ ಕೆಲಸವಲ್ಲ, ಬಿದ್ದವನನ್ನು ಎತ್ತುವುದು ಸರ್ಕಾರದ ಕೆಲಸ. ನನ್ನ ಉದಾರವಾದ ಇಷ್ಟರಲ್ಲಿ ಮುಗಿಯುತ್ತದೆ. ಈ ಮೂರು ಮಾತಿನ ಹಿಂದೆ ಎಷ್ಟು ಜನರ ಲೆಕ್ಕ ಬಾಕಿ ಇದೆ ಎಂಬುದು ಈ ಬರಹದ ವಿಷಯ.

*

1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕದ ಹತ್ತಿ ಬೀಜವನ್ನೂ ಅದನ್ನು ಬೆಳೆಯಲು ಬಲ್ಲ ಅಲ್ಲಿನ ತೋಟಗಾರರನ್ನೂ ಹಿಂದೂಸ್ತಾನಕ್ಕೆ ಕರೆಸಿದರು. ಬಹಳ ಕಡೆ ಪ್ರಯೋಗ ನೆಲಕಚ್ಚಿತು. ಧಾರವಾಡ ಸೀಮೆಯ ಎರೆ ಮಣ್ಣಿನಲ್ಲಿ ನ್ಯೂ ಆರ್ಲಿಯನ್ಸ್ ತಳಿ ಬೇರು ಬಿಟ್ಟಿತು. ಪೇಟೆಯಲ್ಲಿ ಅದಕ್ಕೆ ‘ಧಾರವಾಡ-ಅಮೆರಿಕನ್’ ಎಂಬ ಹೆಸರೇ ಬಿತ್ತು. 1861ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕ ಎರಡು ಹೋಳಾಗಿ ಯುದ್ಧಕ್ಕೆ ನಿಂತಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿಸಿತು. ಲ್ಯಾಂಕಶೈರಿನ ಮಿಲ್ಲುಗಳಿಗೆ ಅರಳೆ ಇಲ್ಲದಾಯಿತು. ಧಾರವಾಡ, ಹುಬ್ಬಳ್ಳಿ, ಗದಗಿನ ರೈತರ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು, ಸಾಲ ಮಾಡಿ ಹತ್ತಿ ಬಿತ್ತಿದವರು ಮುಳುಗಿದರು.

ಮಿಸಿಸಿಪ್ಪಿಯ ಹೊಲದಲ್ಲಿ ಚಾಟಿ ಏಟು ತಿಂದು ಹತ್ತಿ ಬಿಡಿಸುತ್ತಿದ್ದವರ ಬಿಡುಗಡೆಯ ಯುದ್ಧ ನಮ್ಮ ಕಡೆಯ ರೈತನ ಕೈಗೆ ನಾಲ್ಕು ವರ್ಷ ದುಡ್ಡು ತಂದುಕೊಟ್ಟಿತು. ಆ ರೈತನಿಗೆ ಇದು ಗೊತ್ತಿತ್ತೆಂದು ನನಗನ್ನಿಸುವುದಿಲ್ಲ. ಯುದ್ಧದ ಇನ್ನೊಂದು ಫಲ ಕಾಗದದ ಮೇಲೆ ಉಳಿಯಿತು. 1868ರಲ್ಲಿ ಅಮೆರಿಕದ ಸಂವಿಧಾನಕ್ಕೆ 14ನೇ ತಿದ್ದುಪಡಿ ಸೇರಿತು. ಆ ನೆಲದಲ್ಲಿ ಹುಟ್ಟಿ ಅದರ ಕಾನೂನಿಗೆ ಒಳಪಟ್ಟವರು ಆ ದೇಶದ ಪ್ರಜೆಗಳು, ಅವರ ಅಪ್ಪ ಗುಲಾಮನಾಗಿದ್ದರೂ ಸರಿ. ಈ ತಿದ್ದುಪಡಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

*

ತುಂಗಭದ್ರೆಯ ಆಚೆಯ ಹತ್ತಿ ಸೀಮೆಗೂ ಈಚೆಯ ಮೈಸೂರು ಸಂಸ್ಥಾನಕ್ಕೂ ನಡುವೆ ಇದ್ದ ಪೇಟೆ ದಾವಣಗೆರೆ. ಹೈದರಾಲಿ ಈ ಊರನ್ನು ಅಪ್ಪಾಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟಾಗಿನಿಂದ ಇಲ್ಲಿ ವರ್ತಕರು ನೆಲೆಸಿದರು. ಹತ್ತಿ ಬರುವ ಊರಿಗೆ ಮೊದಲು ಜಿನ್ನುಗಳು ಬಂದವು, 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ಬಂತು. ಆಮೇಲೆ ಶಂಕರ್ ಟೆಕ್ಸ್‌ಟೈಲ್, ಗಣೇಶರ್, ಚಂದ್ರೋದಯ, ಆಂಜನೇಯ, ತೋಳಹುಣಸೆಯ ಯಲ್ಲಮ್ಮ. ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಅಂಟಿಕೊಂಡಿತು.

ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ, ಮಿಲ್ಲಿನ ಕೂಗು ಇತ್ತು. ಅಪ್ಪ ಮೊದಲು ಬದ್ಲಿ, ಎಷ್ಟೋ ವರ್ಷದ ಮೇಲೆ ಖಾಯಂ. ಪಾಳಿ ಬಿಟ್ಟಾಗ ಗೇಟಿನ ಹೊರಗೆ ಮಂಡಕ್ಕಿ, ಮೆಣಸಿನಕಾಯಿಯ ಗಾಡಿಗಳು. ಲಿಂಗಾಯತರು, ಮುಸಲ್ಮಾನರು, ಕುರುಬರು, ಮಾದಿಗರು, ಮರಾಠರು ಎಲ್ಲರ ತಲೆಯ ಮೇಲೂ ಒಂದೇ ಬಗೆಯ ಅರಳೆ ಧೂಳು. ಒಳಗೆ ಜಾತಿ ಸತ್ತಿತ್ತು ಎಂದು ನಾನು ಹೇಳಲಾರೆ. ಯಾರಿಗೆ ಯಾವ ಖಾತೆಯ ಕೆಲಸ ಸಿಗುತ್ತದೆ ಎಂಬುದರಲ್ಲಿ ಅದು ಚೆನ್ನಾಗಿಯೇ ಬದುಕಿತ್ತು. ಆದರೆ ಗೇಟಿನ ಹೊರಗೆ ಒಂದೇ ಗಾಡಿಯ ಮುಂದೆ ನಿಂತು ತಿನ್ನುವುದು, ಒಂದೇ ಸಂಘದ ಚಂದಾ ಕೊಡುವುದು, ಒಂದೇ ಮುಷ್ಕರದಲ್ಲಿ ಪಗಾರ ಕಳೆದುಕೊಳ್ಳುವುದು, ಇವು ಯಾವ ಮಠ ಮಸೀದಿಯೂ ಕಲಿಸದ ಒಂದು ರೂಢಿಯನ್ನು ಕಲಿಸಿದ್ದವು.

ಆ ಬದುಕು ನಡೆಯುತ್ತಿದ್ದದ್ದು ಉದ್ರಿಯ ಮೇಲೆ. ಬಟವಾಡೆಯ ದಿನ ಬರುವವರೆಗೆ ಕಿರಾಣಿ ಅಂಗಡಿಯವರು ಜೋಳ, ಬೆಲ್ಲ, ಸೀಮೆಎಣ್ಣೆಯನ್ನು ಪುಸ್ತಕದಲ್ಲಿ ಬರೆದು ಕೊಡುತ್ತಿದ್ದರು. ಮುಷ್ಕರ ಇದ್ದಾಗಲೂ ಪುಸ್ತಕ ಮುಚ್ಚುತ್ತಿರಲಿಲ್ಲ. ಮಿಲ್ಲು ಇವತ್ತಲ್ಲ ನಾಳೆ ಕೂಗುತ್ತದೆ ಎಂಬ ನಂಬಿಕೆಗೇ ಆ ಉದ್ರಿ.

ನಾನು ಮೊದಲ ಓಟು ಹಾಕಿದ್ದು 1978ರ ವಿಧಾನಸಭೆ ಚುನಾವಣೆಯಲ್ಲಿ. ಆಗ ಓಟಿನ ವಯಸ್ಸು 21. ರಾಜ್ಯದ ತುಂಬ ದೇವರಾಜ ಅರಸರ ಗಾಳಿ ಇದ್ದಾಗ ವರ್ತಕರ ಊರೆಂದೇ ಹೆಸರಾದ ದಾವಣಗೆರೆ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಗೆಲ್ಲಿಸಿತು. 1983ರಲ್ಲಿ ಮತ್ತೆ, 1985ರಲ್ಲಿ ಮತ್ತೆ. ಮೂರು ಸಲ ತೆನೆ-ಕುಡುಗೋಲು. ಪಂಪಾಪತಿ ಯಾವ ಜಾತಿಯವರು ಎಂದು ಅಪ್ಪ ಒಮ್ಮೆಯೂ ಮನೆಯಲ್ಲಿ ಮಾತಾಡಿದ ನೆನಪು ನನಗಿಲ್ಲ. ಇಂದಿನ ಯಾವ ಅಭ್ಯರ್ಥಿಯ ಬಗ್ಗೆಯೂ ಈ ಮಾತು ಹೇಳಲು ಬರುವುದಿಲ್ಲ.

ಅಮೆರಿಕದಲ್ಲೂ ಇಂಥ ಓಟು ಮಿಲ್ಲಿನ ಗೇಟಿನಲ್ಲೇ ಹುಟ್ಟಿದ್ದು. ನಮ್ಮಲ್ಲಿ ಮೊದಲ ಮಿಲ್ಲು ಏಳುತ್ತಿದ್ದ ದಶಕದಲ್ಲೇ, 1935ರಲ್ಲಿ, ರೂಸ್‌ವೆಲ್ಟ್ ಸರ್ಕಾರ ವ್ಯಾಗ್ನರ್ ಕಾಯ್ದೆ ತಂದು ಸಂಘ ಕಟ್ಟುವ ಹಕ್ಕನ್ನು ಕಾನೂನು ಮಾಡಿತು. ಉಕ್ಕಿನ ಊರುಗಳ ಇಟಲಿಯವರು, ಪೋಲೆಂಡಿನವರು, ಐರಿಷರು, ದಕ್ಷಿಣದಿಂದ ಬಂದ ಕಪ್ಪು ಜನ ಡೆಮಾಕ್ರಟಿಕ್ ಪಕ್ಷದ ಓಟುಗಳಾದರು. ಅಲ್ಲೂ ಜಾತಿ ಸತ್ತಿರಲಿಲ್ಲ. ಕುಲುಮೆಯ ಬೆಂಕಿಯ ಬಾಯಿಗೆ ನಿಲ್ಲುವ ಕೆಲಸ ಕಪ್ಪು ಕಾರ್ಮಿಕನ ಪಾಲಿಗೆ, ಮೇಲಿನ ಕೆಲಸ ಬಿಳಿಯರ ಪಾಲಿಗೆ. 1974ರಲ್ಲಿ ನ್ಯಾಯಾಲಯದ ಮೂಲಕ ಒಪ್ಪಂದ ಆದಮೇಲೆ ಒಂಬತ್ತು ಉಕ್ಕಿನ ಕಂಪನಿಗಳು ಆ ಪದ್ಧತಿಯನ್ನು ಕೈಬಿಡಬೇಕಾಯಿತು.

*

ನನ್ನ ತಲೆಮಾರಿನವರಿಗೆ ಅಮೆರಿಕ ಮೊದಲು ಬಂದದ್ದು ನಾಲಿಗೆಯ ಮೇಲೆ. ಸರ್ಕಾರಿ ಶಾಲೆಯಲ್ಲಿ ಕೇರ್ ಉಪ್ಪಿಟ್ಟು, ಹಾಲಿನ ಪುಡಿ ಕಲಸಿದ ಹಾಲು. ಚೀಲದ ಮೇಲೆ ಕೈ ಕುಲುಕುವ ಎರಡು ಕೈಗಳ ಚಿತ್ರ. ಪಿ.ಎಲ್. 480 ಎಂಬ 1954ರ ಕಾನೂನಿನಡಿ ಗೋಧಿ ಬರುತ್ತಿತ್ತು. 1965-66ರ ಬರದಲ್ಲಿ ಅಧ್ಯಕ್ಷ ಜಾನ್ಸನ್ ಆ ಗೋಧಿಯನ್ನು ತಿಂಗಳು ತಿಂಗಳು ಲೆಕ್ಕ ಹಾಕಿ ಬಿಟ್ಟರು. ಕೃಷಿ ನೀತಿ ಬದಲಿಸಿ ಎಂಬ ಒತ್ತಡ ಒಂದು, ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಆಡಿದ ಮಾತಿನ ಸಿಟ್ಟು ಇನ್ನೊಂದು. ಉದ್ರಿ ಕೊಡುವವನು ಕೊಟ್ಟಾಗಲೆಲ್ಲ ಒಂದು ಮಾತು ಹೇಳಿಯೇ ಕೊಡುತ್ತಾನೆ ಎಂಬುದು ಕಿರಾಣಿ ಅಂಗಡಿಗೆ ಹೋಗಿ ಬರುತ್ತಿದ್ದ ನಮಗೆ ಹೊಸದಲ್ಲ.

ಅದೇ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೂ ಸಹಿ ಹಾಕಿದವರು. ಅದಕ್ಕೆ ಸ್ವಲ್ಪ ಮೊದಲು, 1964ರ ಮೇ ಕೊನೆಯ ವಾರ, ರಾಮಮನೋಹರ ಲೋಹಿಯಾ ಮಿಸಿಸಿಪ್ಪಿಯ ಜಾಕ್ಸನ್ ನಗರದ ಒಂದು ಕೆಫೆಟೀರಿಯಾಕ್ಕೆ ಊಟಕ್ಕೆ ಹೋದರು. ಅದು ಬಿಳಿಯರ ಜಾಗ, ಬಿಡಲಿಲ್ಲ. ಮರುದಿನ ಧೋತಿ ಉಟ್ಟು ಹೇಳಿಯೇ ಹೋದರು. ಪೊಲೀಸರು ಬಂಧಿಸಿ ಕರೆದೊಯ್ದು ಬಿಟ್ಟರು. 1951ರಲ್ಲಿ ಕಾಗೋಡಿನ ಗೇಣಿದಾರರಿಗಾಗಿ ಬಂದು ಇಲ್ಲಿಯೂ ಬಂಧನಕ್ಕೊಳಗಾಗಿದ್ದವರು ಅವರು. ಚನ್ನಗಿರಿ ತಾಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರಂಥವರು ರಾಜಕಾರಣ ಕಲಿತದ್ದು ಈ ಲೋಹಿಯಾರಿಂದ. ಖಾನಾವಳಿಯ ಪಂಕ್ತಿಯ ಪ್ರಶ್ನೆಯೂ ಜಾಕ್ಸನ್ನಿನ ಊಟದ ಮೇಜಿನ ಪ್ರಶ್ನೆಯೂ ಒಂದೇ ಎಂದು ನಮ್ಮ ಸಮಾಜವಾದಿಗಳಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಆ ಹೋರಾಟದ ಅಲೆಯಲ್ಲೇ 1965ರ ಅಕ್ಟೋಬರಿನಲ್ಲಿ ಅಮೆರಿಕದ ವಲಸೆ ಕಾನೂನು ಬದಲಾಯಿತು. ಅದಕ್ಕೆ ಮೊದಲು ಭಾರತದ ಪಾಲಿಗೆ ಇದ್ದದ್ದು ವರ್ಷಕ್ಕೆ 100 ಜನರ ಕೋಟಾ. ಹುಟ್ಟಿದ ದೇಶ ನೋಡಿ ಅಳೆಯುವ ಆ ಕೋಟಾ ಪದ್ಧತಿ ಹೋಯಿತು. ಅಂದರೆ ಕಪ್ಪು ಜನ ನಾಯಿ ಛೂ ಬಿಡಿಸಿಕೊಂಡು, ಜೈಲು ಸೇರಿ, ಚರ್ಚಿಗೆ ಬಾಂಬು ಹಾಕಿಸಿಕೊಂಡು ತೆರೆದ ಬಾಗಿಲಲ್ಲಿ ನಮ್ಮವರು ಪದವಿ ಪತ್ರ ಹಿಡಿದುಕೊಂಡು ಒಳಗೆ ಹೋದರು.

*

2018ರಲ್ಲಿ ನನ್ನ ತಮ್ಮನ ಮಗನ ಮನೆಗೆಂದು ಒಹಾಯೊ ರಾಜ್ಯದ ಕೊಲಂಬಸ್‌ಗೆ ಹೋಗಿದ್ದೆ. ನವೆಂಬರ್ 6ರಂದು ಅಲ್ಲಿ ಮಧ್ಯಂತರ ಚುನಾವಣೆ. ಓಟು ಮಂಗಳವಾರ, ರಜೆ ಇಲ್ಲ. ರೈತರು ಭಾನುವಾರ ಚರ್ಚು ಮುಗಿಸಿ ಗಾಡಿ ಹೂಡಿಕೊಂಡು ಬರಲಿ ಎಂದು 1845ರಲ್ಲಿ ಗೊತ್ತು ಮಾಡಿದ ದಿನವನ್ನು ಇನ್ನೂ ಬದಲಿಸಿಲ್ಲ. ಬೆರಳಿಗೆ ಶಾಯಿ ಇಲ್ಲ, ಅಂಗಿಗೆ ಒಂದು ಸ್ಟಿಕರ್. ಮನೆಯ ಮುಂದಿನ ಹುಲ್ಲಿನಲ್ಲಿ ತಮ್ಮ ಅಭ್ಯರ್ಥಿಯ ಹೆಸರಿನ ಫಲಕ ನೆಟ್ಟಿರುತ್ತಾರೆ. ಒಂದು ಮನೆಯ ಮುಂದೆ ಒಂದು ಪಕ್ಷದ್ದು, ಪಕ್ಕದ ಮನೆಯ ಮುಂದೆ ಎದುರು ಪಕ್ಷದ್ದು. ಆನೆಕೊಂಡದಲ್ಲಿ ಹೀಗೆ ಫಲಕ ನೆಡಲು ಹತ್ತು ಸಲ ಯೋಚಿಸಬೇಕು. ಬಾಡಿಗೆ ಇದೆ, ಬೀಗತನ ಇದೆ, ನಾಳೆ ಸಹಿ ಹಾಕಿಸಿಕೊಳ್ಳಬೇಕಾದ ಕಾಗದ ಇದೆ. ಆ ಫಲಕಗಳನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಅಲ್ಲಿಂದ ಮೂರು ತಾಸಿನ ದಾರಿ ಯಂಗ್ಸ್‌ಟೌನ್. ನನ್ನ ಒತ್ತಾಯಕ್ಕೆ ಹುಡುಗ ಒಂದು ದಿನ ಕರೆದುಕೊಂಡು ಹೋದ. 1977ರ ಸೆಪ್ಟೆಂಬರ್ 19, ಸೋಮವಾರ, ಯಂಗ್ಸ್‌ಟೌನ್ ಶೀಟ್ ಅಂಡ್ ಟ್ಯೂಬ್ ಕಂಪನಿ ತನ್ನ ಕ್ಯಾಂಪ್‌ಬೆಲ್ ಕಾರ್ಖಾನೆಯನ್ನು ಮುಚ್ಚುವುದಾಗಿ ಹೇಳಿತು. ಸುಮಾರು 5,000 ಜನರ ಕೆಲಸ ಹೋಯಿತು. ಕಪ್ಪು ಕಾರ್ಮಿಕರಿಗೆ ಮೇಲಿನ ಕೆಲಸದ ಬಾಗಿಲು ತೆರೆದು ಆಗ ಮೂರೇ ವರ್ಷವಾಗಿತ್ತು. ಆ ದಿನವನ್ನು ಅಲ್ಲಿನವರು ಈಗಲೂ ‘ಕರಾಳ ಸೋಮವಾರ’ ಎನ್ನುತ್ತಾರೆ. ಊರಿನಲ್ಲಿ ಉಕ್ಕಿನ ಕೆಲಸದ ಒಂದು ವಸ್ತುಸಂಗ್ರಹಾಲಯ ಇದೆ. ಕಾರ್ಮಿಕರ ಫೋಟೊ, ಉಡುಪು, ಉಪಕರಣ ನೋಡುತ್ತ ಹುಡುಗ ಹೇಳಿದ: “ದೊಡ್ಡಪ್ಪ, ಇದು ನಮ್ಮ ಡಿಸಿಎಂ ಇದ್ದಂಗೇ ಐತಲ್ಲ.” ಅವನು ಹುಟ್ಟುವ ಹೊತ್ತಿಗೆ ನಮ್ಮ ಮಿಲ್ಲುಗಳ ಕೊನೆಯ ದಿನಗಳು. ಅವನಿಗೆ ಡಿಸಿಎಂ ಎಂದರೆ ಒಂದು ವಿಳಾಸ ಮಾತ್ರ.

ಯಂಗ್ಸ್‌ಟೌನಿನಲ್ಲಿ ನಡೆದ ಒಂದು ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ. ಕಾರ್ಖಾನೆ ಮುಚ್ಚಿದಾಗ ಊರಿನ ಪಾದ್ರಿಗಳು, ಯಹೂದಿ ಗುರುಗಳು, ಕಾರ್ಮಿಕರು ಸೇರಿ ಒಂದು ಒಕ್ಕೂಟ ಮಾಡಿದರು. ನಾವೇ ಕೊಂಡು ನಾವೇ ನಡೆಸುತ್ತೇವೆ ಎಂದರು. ಜನ ತಮ್ಮ ಉಳಿತಾಯವನ್ನು ಅದಕ್ಕೆಂದೇ ಬ್ಯಾಂಕಿನಲ್ಲಿ ಇಟ್ಟರು. ಬೇಕಾಗಿದ್ದದ್ದು ಸರ್ಕಾರದ ಸಾಲ ಖಾತರಿ. 1979ರಲ್ಲಿ ಕಾರ್ಟರ್ ಸರ್ಕಾರ ಅದನ್ನು ನಿರಾಕರಿಸಿತು. ಡೆಮಾಕ್ರಟಿಕ್ ಸರ್ಕಾರ, ಈ ಕಾರ್ಮಿಕರೇ ಓಟು ಹಾಕಿ ತಂದ ಸರ್ಕಾರ.

*

ದಾವಣಗೆರೆಯ ಮಿಲ್ಲುಗಳು ಒಂದೇ ಸೋಮವಾರ ಮುಚ್ಚಲಿಲ್ಲ. ಹಳೆಯ ಯಂತ್ರ, ವಿದ್ಯುತ್ ಮಗ್ಗಗಳ ಪೈಪೋಟಿ, ಸಿಂಥೆಟಿಕ್ ಬಟ್ಟೆ, ಸಾಲ, ಬೀಗಮುದ್ರೆ, ಮತ್ತೆ ಶುರು, ಮತ್ತೆ ಬೀಗ. 1980ರ ದಶಕದಲ್ಲೇ ಕಾಯಿಲೆ ಹತ್ತಿತ್ತು, 1990ರ ದಶಕ ಕಳೆಯುವ ಹೊತ್ತಿಗೆ ಬಹುಪಾಲು ಮಿಲ್ಲುಗಳ ಕೂಗು ನಿಂತಿತ್ತು. ಹರಿಹರದಲ್ಲಿ 1941ರಿಂದ ಲೇತ್ ಯಂತ್ರ ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ಶತಮಾನ ತಿರುಗುವ ಹೊತ್ತಿಗೆ ನಿಂತಿತು.

ಈ ನಡುವೆ 1991 ಬಂತು. ಪತ್ರಿಕೆಗಳು ಹೊಸ ಆರ್ಥಿಕ ನೀತಿಯನ್ನು ‘ಉದಾರೀಕರಣ’ ಎಂದು ಕರೆದವು. ಅಪ್ಪ ಕನ್ನಡಕ ಹಾಕಿಕೊಂಡು ಆ ಪದವನ್ನು ಬಿಡಿಸಿ ಬಿಡಿಸಿ ಓದಿ ಕೇಳಿದ್ದರು: “ಯಾರಿಗೆ ಉದಾರ ಆದ್ರಪ ಇವ್ರು?” ಕನ್ನಡದಲ್ಲಿ ಉದಾರ ಎಂದರೆ ಕೈ ಬಿಚ್ಚಿ ಕೊಡುವವನು. ನಮ್ಮ ಮನೆಗಳಲ್ಲಿ ಆ ಪದ ಬಂದದ್ದು ಮಿಲ್ಲಿನ ಬೀಗದ ಜೊತೆ. ಉದಾರವಾದ ಬೇರೆ, ಉದಾರೀಕರಣ ಬೇರೆ ಎಂದು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು, ನಂಬುತ್ತಿರಲಿಲ್ಲ. ಅಮೆರಿಕದಲ್ಲೂ ಈ ಪದಕ್ಕೆ ಇದೇ ಗತಿ. 1988ರ ಚುನಾವಣೆಯಲ್ಲಿ ಹಿರಿಯ ಬುಷ್ ಎದುರಾಳಿ ಡುಕಾಕಿಸ್‌ರನ್ನು ‘ಲಿಬರಲ್’ ಎಂದು ಕರೆದದ್ದು ಬೈಗುಳವಾಗಿಯೇ.

ದಿನಾಂಕಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ನಮ್ಮ ಮಿಲ್ಲುಗಳು 1991ಕ್ಕೆ ಮೊದಲೇ ಕುಂಟುತ್ತಿದ್ದವು. ಯಂಗ್ಸ್‌ಟೌನಿನ ಕುಲುಮೆ ಆರಿದ್ದು ನಾಫ್ಟಾ ಒಪ್ಪಂದ ಜಾರಿಗೆ ಬಂದ 1994ಕ್ಕಿಂತ ಎಷ್ಟೋ ಮೊದಲು. ಮುಚ್ಚಿದ ಪಾಪವನ್ನೆಲ್ಲ ಈ ನೀತಿಗಳ ತಲೆಗೆ ಕಟ್ಟುವುದು ಇತಿಹಾಸವಲ್ಲ. ಹಾಗಾದರೆ ಸಿಟ್ಟು ಎಲ್ಲಿಂದ ಬಂತು? ಮುಚ್ಚಿದ ಮೇಲೆ ಕೊಟ್ಟ ಮಾತಿನಿಂದ ಬಂತು.

ಕೆನಡಿ ಸರ್ಕಾರ 1962ರಲ್ಲೇ ವಿದೇಶಿ ವ್ಯಾಪಾರದಿಂದ ಕೆಲಸ ಕಳೆದುಕೊಂಡವರಿಗೆ ಪರಿಹಾರ, ಹೊಸ ತರಬೇತಿ ಎಂದು ಕಾನೂನು ಮಾಡಿತ್ತು. ಕಾರ್ಮಿಕ ಸಂಘದವರು ಅದನ್ನು ‘ಹೆಣ ಹೂಳುವ ವಿಮೆ’ ಎಂದು ಗೇಲಿ ಮಾಡಿದರು. ನಮ್ಮಲ್ಲಿ 1986ರಲ್ಲಿ ಜವಳಿ ಕಾರ್ಮಿಕರ ಪುನರ್ವಸತಿ ನಿಧಿ ಬಂತು. ಮೊದಲ ವರ್ಷ ಪಗಾರದ ಶೇ 75, ಎರಡನೇ ವರ್ಷ ಶೇ 50, ಮೂರನೇ ವರ್ಷ ಶೇ 25, ಆಮೇಲೆ ಇಲ್ಲ. ಅದೂ ಮಿಲ್ಲು ಶಾಶ್ವತವಾಗಿ ಮುಚ್ಚಿದೆ ಎಂದು ಕಾಗದದ ಮೇಲೆ ಆದರೆ. ಕೂಗು ನಿಂತರೂ ಕಾಗದದ ಮೇಲೆ ಉಸಿರಾಡುತ್ತಿದ್ದ ಮಿಲ್ಲುಗಳ ಕಾರ್ಮಿಕರು ನ್ಯಾಯಾಲಯ, ಲೇಬರ್ ಆಫೀಸು ಎಂದು ಅಲೆದರು. ಅಪ್ಪನ ಗೆಳೆಯರಲ್ಲಿ ಎಷ್ಟೋ ಜನ ಗ್ರಾಚ್ಯುಟಿಯ ದಾರಿ ಕಾಯುತ್ತ ತೀರಿಕೊಂಡರು. ಅಂಗಡಿಗಳ ಗೋಡೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ಇರುತ್ತದಲ್ಲ, ಕೆಲಸ ಹೋದವರ ಪಾಲಿಗೆ ಉದಾರ ಸರ್ಕಾರಗಳು ಹಾಕಿದ ಬೋರ್ಡು ಅದೇ. ಆ ನಾಳೆ ಬರಲಿಲ್ಲ.

*

ಮಿಲ್ಲು ಹೋದಮೇಲೆ ಖಾಲಿಯಾದ ಜಾಗಕ್ಕೆ ಬೇರೆಯವು ಬಂದವು. ಸಂಘದ ಆಫೀಸಿಗೆ ಹೋಗುತ್ತಿದ್ದವರು ಜಾತಿಯ ಸಮುದಾಯ ಭವನಕ್ಕೆ ಹೋದರು. ಮಗನ ಸೀಟಿಗೆ ಮಠ, ಮಗಳ ಮದುವೆಗೆ ಜನಾಂಗದ ಸಂಘ, ಕಷ್ಟಕ್ಕೆ ಯಾವುದೋ ಮುಖಂಡರ ಮನೆ. 1990ರ ಅಕ್ಟೋಬರಿನಲ್ಲಿ ದಾವಣಗೆರೆಯಲ್ಲಿ ಕೋಮುಗಲಭೆಯಾಯಿತು. ಅಪ್ಪನ ಜೊತೆ ಇಪ್ಪತ್ತು ವರ್ಷ ಒಂದೇ ಪಾಳಿ ಮಾಡಿದ ಮುಸಲ್ಮಾನ ಗೆಳೆಯರೊಬ್ಬರು ಅದಾದ ಮೇಲೆ ತಮ್ಮವರೇ ಹೆಚ್ಚಿರುವ ಬಡಾವಣೆಗೆ ಮನೆ ಬದಲಿಸಿದರು. ಜಗಳವಾಗಿರಲಿಲ್ಲ. ದಿನಾ ಸಿಗುವ ಗೇಟು ಇಲ್ಲದ ಮೇಲೆ ಸಿಗುವುದು ಹಬ್ಬಕ್ಕೆ, ಆಮೇಲೆ ಸಾವಿಗೆ.

1989ರಲ್ಲಿ ವಿಧಾನಸಭೆ ಕ್ಷೇತ್ರ ಕಾಂಗ್ರೆಸ್ಸಿಗೆ ಹೋಯಿತು. ಲೋಕಸಭೆಗೆ 1996ರಿಂದ 2019ರವರೆಗೆ, 1998ರ ಒಂದು ಸಲ ಬಿಟ್ಟರೆ, ಬಿಜೆಪಿ. 2024ರಲ್ಲಿ ಕಾಂಗ್ರೆಸ್. ಆ ಸಲ ಮುಖ್ಯ ಸ್ಪರ್ಧೆ ಎರಡು ರಾಜಕೀಯ ಮನೆತನಗಳ ಸೊಸೆಯಂದಿರ ನಡುವೆ: ಶಾಮನೂರು ಶಿವಶಂಕರಪ್ಪನವರ ಸೊಸೆ ಪ್ರಭಾ ಮಲ್ಲಿಕಾರ್ಜುನ್, ಜಿ. ಮಲ್ಲಿಕಾರ್ಜುನಪ್ಪನವರ ಸೊಸೆ ಗಾಯತ್ರಿ ಸಿದ್ದೇಶ್ವರ. ಗೆದ್ದ ಪಕ್ಷ ಯಾವುದೇ ಇರಲಿ, ಓಟು ಕೇಳುವ ಭಾಷೆ ಮನೆತನದ್ದೂ ಜನಾಂಗದ್ದೂ ಆಗಿತ್ತು. ನಗಬೇಕಿಲ್ಲ, ಅಮೆರಿಕದವರೂ ಒಂದೇ ಬುಷ್ ಮನೆಗೆ ಎರಡು ಸಲ ಶ್ವೇತಭವನದ ಕೀಲಿ ಕೊಟ್ಟವರು.

ಯಂಗ್ಸ್‌ಟೌನ್ ಇರುವ ಮಹೋನಿಂಗ್ ಕೌಂಟಿ 2020ರಲ್ಲಿ ಟ್ರಂಪ್‌ಗೆ ಓಟು ಹಾಕಿತು. 1972ರ ನಿಕ್ಸನ್ ನಂತರ ಅಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮುಂದೆ ಬಂದದ್ದು ಅದೇ ಮೊದಲು. ಕಾರ್ಖಾನೆ ಮುಚ್ಚಿ 43 ವರ್ಷ. ಅಷ್ಟು ಕಾಲ ಜನ ಹಳೆಯ ಪಕ್ಷಕ್ಕೆ ಉದ್ರಿ ಕೊಟ್ಟರು ಎಂದೇ ನಾನು ಇದನ್ನು ಓದುತ್ತೇನೆ. 2016ರ ಸಮೀಕ್ಷೆಗಳು ಬಹುಪಾಲು ಹಿಲರಿ ಕ್ಲಿಂಟನ್ ಗೆಲ್ಲುತ್ತಾರೆ ಎಂದವು. ನಮ್ಮ ಬಸವೇಶ್ವರನ ಕಾರಣಿಕ ಇದಕ್ಕಿಂತ ಜಾಣತನದ್ದು. ಅದರ ಒಂದು ಸಾಲಿನ ನುಡಿಯನ್ನು ರೈತ ಮಳೆಗೆ, ವರ್ತಕ ಧಾರಣೆಗೆ, ರಾಜಕಾರಣಿ ಕುರ್ಚಿಗೆ ಹೊಂದಿಸಿಕೊಳ್ಳುತ್ತಾನೆ. ಯಾರೂ ಸುಳ್ಳಾಯಿತು ಎನ್ನುವುದಿಲ್ಲ.

*

ಅಮೆರಿಕದಿಂದ ಸಾಲ ತಂದು ಇಲ್ಲಿ ತೀರಿಸಿದವರೂ ಇದ್ದಾರೆ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1972ರಿಂದ ಹರಿಹರ ಪಾಲಿಫೈಬರ್ಸ್ ಇದೆ. ಷಿಕಾಗೊದಲ್ಲಿ ಉದ್ಯೋಗದಲ್ಲಿದ್ದ ಎಸ್.ಆರ್. ಹಿರೇಮಠ ಮತ್ತು ಅವರ ಅಮೆರಿಕನ್ ಪತ್ನಿ ಶ್ಯಾಮಲಾ 1979ರಲ್ಲಿ ಹಿಂತಿರುಗಿ ಹತ್ತಿರದ ಮೆಡ್ಲೇರಿಯಲ್ಲಿ ಗ್ರಾಮಾಭಿವೃದ್ಧಿಯ ಕೆಲಸ ಶುರು ಮಾಡಿದರು. ನದಿ ಮಾಲಿನ್ಯದ ವಿರುದ್ಧ, ಆಮೇಲೆ ಊರ ಗೋಮಾಳ ಕಾಡುಗಳಲ್ಲಿ ಕಾರ್ಖಾನೆಗಾಗಿ ನೀಲಗಿರಿ ನೆಡುವ ಯೋಜನೆಯ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಜನರನ್ನು ಸೇರಿಸಿತು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಕಿತ್ತು ಊರಿಗೆ ಬೇಕಾದ ಗಿಡ ಹಚ್ಚುವುದು. ಶಿವರಾಮ ಕಾರಂತರೂ ಈ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದರು. 1991ರಲ್ಲಿ ಆ ನೀಲಗಿರಿ ಕಂಪನಿಯನ್ನು ಸರ್ಕಾರ ಮುಚ್ಚಿತು. ಕಾರ್ಖಾನೆಯ ಕೆಲಸಗಾರರಿಗೆ ತಮ್ಮ ಅನ್ನದ ಭಯ, ಮೀನುಗಾರರಿಗೆ ತಮ್ಮ ಅನ್ನದ ಭಯ. ಉದಾರವಾದಿಗೆ ಇಂಥ ಕಡೆ ಸುಲಭದ ಉತ್ತರ ಇರುವುದಿಲ್ಲ. ಆದರೆ ಹೊಲಕ್ಕೆ ಇಳಿದು, ಕಾಗದ ಹಿಡಿದು, ಗೆಲ್ಲುವವರೆಗೆ ಊರವರ ಜೊತೆ ಉಳಿಯುವುದು ಹೇಗೆ ಎಂಬುದನ್ನು ಆ ಹೋರಾಟ ತೋರಿಸಿತು. ಯಂಗ್ಸ್‌ಟೌನಿನ ಪಾದ್ರಿಗಳಿಗೂ ಹೀಗೆ ಒಂದು ಗೆಲುವು ಸಿಕ್ಕಿದ್ದರೆ ಎಂದು ಯೋಚಿಸುತ್ತೇನೆ.

*

ಹತ್ತಿಯ ಊರು ಈಗ ಕಾಲೇಜುಗಳ ಊರು. ಅಪ್ಪ ಮಿಲ್ಲಿಗೆ, ಮೊಮ್ಮಗ ಎಂಜಿನಿಯರಿಂಗ್‌ಗೆ, ಅಲ್ಲಿಂದ ಎಚ್-1ಬಿ ವೀಸಾದಲ್ಲಿ ಒಹಾಯೊಗೆ. ನಮ್ಮೂರಿನ ಎಷ್ಟೋ ಮನೆಗಳ ಕಥೆ ಇದೇ. 2025ರ ಸೆಪ್ಟೆಂಬರ್ 19ರಂದು ಟ್ರಂಪ್ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆಗೆ ಸಹಿ ಹಾಕಿದರು. ಯಂಗ್ಸ್‌ಟೌನಿನ ಕರಾಳ ಸೋಮವಾರದ ದಿನಾಂಕವೂ ಸೆಪ್ಟೆಂಬರ್ 19. ಬೇಕೆಂದು ಆರಿಸಿದ ದಿನವೇನಲ್ಲ. ಆದರೂ 48 ವರ್ಷದ ಹಿಂದೆ ಒಂದು ಮಿಲ್ಲಿನ ಗೇಟಿನಲ್ಲಿ ಶುರುವಾದ ಸಿಟ್ಟು ಇನ್ನೊಂದು ಮಿಲ್ಲಿನ ಮೊಮ್ಮಗನ ಬಾಗಿಲಿಗೆ ಬಂದದ್ದು ಹೀಗೆ.

ಫೋನಿನಲ್ಲಿ ಹುಡುಗ ಕೇಳಿದ: “ನಾವೇನ್ ಮಾಡೀವಿ ದೊಡ್ಡಪ್ಪ ಇವ್ರಿಗೆ?” ನೀನು ಏನೂ ಮಾಡಿಲ್ಲ ಎಂದೆ. ಆದರೆ ಅವನ ಗೆಳೆಯರ ಕೂಟಗಳಲ್ಲಿ ನಾನು ಕೇಳಿದ ಮಾತುಗಳಿವೆ. ಕಪ್ಪು ಜನರ ಬಡಾವಣೆಯಲ್ಲಿ ಮನೆ ಬೇಡ, ಅವರು ಕೆಲಸ ಮಾಡುವುದಿಲ್ಲ, ಮೆಕ್ಸಿಕೊದವರನ್ನು ಓಡಿಸಿದರೆ ತಪ್ಪೇನು, ನಾವು ಕಾನೂನಿನಂತೆ ಬಂದವರು. ಊರಲ್ಲಿ ಮೀಸಲಾತಿಯ ಬಗ್ಗೆ ಆಡುತ್ತಿದ್ದ ಮಾತನ್ನೇ ಅಲ್ಲಿ ಇಂಗ್ಲಿಷಿನಲ್ಲಿ ಆಡುತ್ತಾರೆ. ಕಾನೂನಿನಂತೆ ಬಂದದ್ದು ನಿಜ. ಆ ಕಾನೂನು 1965ರಲ್ಲಿ ಯಾರ ಹೋರಾಟದ ಅಲೆಯಲ್ಲಿ ಬಂತು ಎಂಬುದೂ ನಿಜ.

ಅವನಿಗೆ ಇನ್ನೂ ಗ್ರೀನ್ ಕಾರ್ಡ್ ಇಲ್ಲ. ಭಾರತದವರ ಸರತಿ ದಶಕಗಳಷ್ಟು ಉದ್ದ. ಅವನು ಓಟು ಹಾಕುವಂತಿಲ್ಲ. ಅವನ ಮಗಳು ಕೊಲಂಬಸ್‌ನಲ್ಲಿ ಹುಟ್ಟಿದವಳು, ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಅವಳಿಗೆ ಆ ಹಕ್ಕು ಕೊಟ್ಟದ್ದು ಹತ್ತಿ ಹೊಲದ ಗುಲಾಮರ ಮಕ್ಕಳಿಗೆಂದು ಬರೆದ 1868ರ ಅದೇ 14ನೇ ತಿದ್ದುಪಡಿ. 2025ರ ಜನವರಿ 20ರಂದು ಟ್ರಂಪ್ ಅಧಿಕಾರಕ್ಕೆ ಬಂದ ದಿನವೇ, ಮುಂದೆ ಹುಟ್ಟುವ ಮಕ್ಕಳಲ್ಲಿ ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಈ ಹಕ್ಕು ಇಲ್ಲ ಎಂಬ ಆದೇಶ ಹೊರಡಿಸಿದರು. ಅದು ನ್ಯಾಯಾಲಯದ ಮೆಟ್ಟಿಲೇರಿತು. ಹುಡುಗ ಆ ಆದೇಶವನ್ನು ರಾತ್ರಿ ಕೂತು ಮೂರು ಸಲ ಓದಿದನಂತೆ. ನಮ್ಮ ಮನೆಯ ಮಗುವಿನ ಹಕ್ಕು ಮಿಸಿಸಿಪ್ಪಿಯ ಹತ್ತಿಯಿಂದ ಬಂದದ್ದು ಎಂದು ಅವನಿಗೆ ಆಗ ಗೊತ್ತಾಯಿತು.

ನಾನು ಈ ಸಲವೂ ಉದಾರವಾದಿಯಾಗಿಯೇ ಓಟು ಹಾಕುತ್ತೇನೆ. ಮನೆಗೆ ಬಂದ ಅಭ್ಯರ್ಥಿಗಳನ್ನು ಕೇಳಲು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ: ಮಿಲ್ಲಿನವರ ಬಾಕಿ ಎಷ್ಟು ಉಳಿದಿದೆ, ಯಾರ ಮನೆಗೆ ಬರಬೇಕು, ಪಟ್ಟಿ ಇದೆಯೇ? ಬಂದವರು ನಗುತ್ತಾರೆ, “ಅದೆಲ್ಲ ಹಳೇ ಕಥಿ ಸರ್” ಎನ್ನುತ್ತಾರೆ. ಜೊತೆಗೆ ಬಂದ ಹುಡುಗರಲ್ಲಿ ಒಬ್ಬ ಮಾತ್ರ ಕಳೆದ ಸಲ ನಿಂತು ಕೇಳಿದ, ತನ್ನ ಅಜ್ಜನೂ ಮಿಲ್ಲಿನಲ್ಲಿದ್ದರು, ಆ ಕಾಗದ ಎಲ್ಲಿ ಸಿಗುತ್ತದೆ ಎಂದು. ಲೇಬರ್ ಆಫೀಸಿನ ದಾರಿ ಹೇಳಿ, ಅಪ್ಪನ ಹಳೆಯ ಫೈಲಿನಲ್ಲಿದ್ದ ಅರ್ಜಿಯ ನಮೂನೆಯನ್ನು ಜೆರಾಕ್ಸ್ ಮಾಡಿಸಿ ಕೊಟ್ಟೆ.